ಸೆರಗು ಸಿಗಿಸುವವರೆಗೆ

ಸ್ಕೂಟಿಯ ಕನ್ನಡಿಯ ಮೂಲೆಯಲ್ಲಿ ಏನೋ ಕೆಂಪಗೆ ಹಾರಿತು, ಮತ್ತೆ ಹಾರಿತು — ಅತ್ತೆಯ ಸೆರಗು, ಹಿಂದಿನ ಚಕ್ರದ ಮಗ್ಗುಲಲ್ಲೇ, ಮನೆ ಬಿಡುವಾಗ ಸುನಂದಾ ತಾನೇ ಸುತ್ತಿ ನಡುವಿಗೆ ಸಿಗಿಸಿದ್ದಳು, ಬಾಗಲಕೋಟೆಯ ಸರ್ಕಲ್ ಬರುವಷ್ಟರಲ್ಲಿ ಮುದುಕಿ ಬಿಚ್ಚಿ ಇಳಿಬಿಟ್ಟಿದ್ದಾಳೆ, ಸಿಗ್ನಲ್ ಹಸಿರಾದರೆ ಆಗಲಿ, ಎಡದ ಅಂಚಿಗೆ ನಿಂತಲ್ಲೇ ಸ್ಕೂಟಿ ಬಂದ್ ಮಾಡಿದಳು, ಅತ್ತೀ, ಸೆರಗ ಸಿಗಸ್ರಿ, ಇಲ್ಲಂದ್ರ ಗಾಡಿ ಹೊಂಡಂಗಿಲ್ಲ, ಏ ಹುಚ್ಚಿ, ಮದುವಿಗೆ ಹೊಂಟೇವೋ ಹೊಲದಾಗ ಕಸಾ ತಗ್ಯಾಕ ಹೊಂಟೇವೋ, ನಡಿ, ಅನ್ನುತ್ತಾಳೆ ಬಾಳವ್ವ, ಹಿಂದೆ ಆಟೋ ಒದರುತ್ತಿದೆ, ಒದರಲಿ, ಅಕ್ಕಾರ, ಗಾಡಿ ಹೊಡ್ಯಾಕ ಬರದಿದ್ರ ಮನ್ಯಾಗ ರೊಟ್ಟಿ ಬಡೀರಿ, ಅನ್ನುತ್ತಾನೆ ಆಟೋದವ, ರೊಟ್ಟಿನೂ ಬಡಿತೇನಿ, ಗಾಡಿನೂ ಹೊಡಿತೇನಿ ತಮ್ಮಾ, ನಿಂಗ ಎರಡರಾಗ ಒಂದರ ಬರ್ತೈತೇನು — ಯಾರೋ ನಕ್ಕರು, ನಗಲಿ, ಇವರ ನಗುವಿಗೆ ಹೆದರಿ ಗಾಡಿ ಓಡಿಸುವುದಾದರೆ ಇಷ್ಟೊತ್ತಿಗೆ ನಾಲ್ಕು ಸಲ ಬಿದ್ದಿರಬೇಕಿತ್ತು.

ಅವತ್ತು ಇಳಕಲ್ಲಿನ ಪೇಟೆಯಲ್ಲಿ ನೆಗೆಣ್ಣಿ ಸುಧಾರಾಣಿಯ ಗಂಡನೇನು ಗಾಡಿ ಜೋರಾಗಿ ಹೊಡೆಯುತ್ತಿದ್ದನೇ, ಇಲ್ಲ, ಹಿಂದೆ ನಡೆದು ಬರುತ್ತಿದ್ದ ಅತ್ತೆ-ಸೊಸೆಯರಿಗಿಂತ ತುಸು ಮುಂದೆ, ಅಷ್ಟೇ, ಸುಧಾರಾಣಿ ಅವನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತಿದ್ದಳು, ಕೆಂಪು ಸೆರಗು ಚಕ್ರದೊಳಗೆ ಹೋಗಿ ಅವಳನ್ನೇ ಎಳೆದುಕೊಂಡಿತು, ಇನ್ನೊಂದು ಸುತ್ತು ಕೊರಳಿಗೆ, ಟೇಲರ್ ಕತ್ತರಿ ಹಿಡಿದುಕೊಂಡೇ ಓಡಿಬಂದ, ಬಾಳವ್ವ ಅವನ ಕೈ ಹಿಡಿದಳು, ಕತ್ತರಿ ಹಾಕಬ್ಯಾಡೋ ಯಪ್ಪಾ, ನಾನ ನೇದದ್ದು, ಚಕ್ರಾ ಹಿಂದಕ್ಕ ತಿರುವ್ರಿ, ಬರ್ತೈತಿ, ಕತ್ತರಸ್ರೀ ಎಂದು ಸುನಂದಾ ಕೂಗಿದಳು, ನೇಕಾರರ ಓಣಿ, ಯಾರ ಕಿವಿಗೆ ಬೀಳಬೇಕು, ಎಳೆ ಹರಿದರೆ ಜೀವ ಹೋದಂತೆ ಮಾಡುವ ಮಂದಿ, ಗಂಟು ಬಿಡಿಸುವ ಹಾಗೆ ಮೆಲ್ಲಗೆ, ಮೆಲ್ಲಗೆ ತಿರುಗಿಸಿದರು — ದವಾಖಾನೆ ಮುಟ್ಟುವಷ್ಟರಲ್ಲಿ ಸುಧಾರಾಣಿ ಇರಲಿಲ್ಲ. ಆ ಮಾತನ್ನು ಸುನಂದಾ ಅತ್ತೆಯ ಮುಂದೆ ಒಮ್ಮೆಯೂ ಎತ್ತಿಲ್ಲ, ಎತ್ತುವುದೂ ಇಲ್ಲ, ಮುದುಕಿ ಅಂದಿನಿಂದ ಮಗ್ಗಕ್ಕೆ ಕೂತಿಲ್ಲ, ಸಾಕು, ಆದರೆ ಇವತ್ತು ಸೋಲುವುದಿಲ್ಲ, ಇಡೀ ಬಾಗಲಕೋಟೆ ಬಂದು ಹಾರ್ನ್ ಹೊಡೆಯಲಿ, ಅತ್ತೀ, ಡಿಕ್ಕ್ಯಾಗ ಕತ್ತರಿ ಇಟಗೊಂಡೇನಿ, ನೀವು ಸಿಗಸ್ತೀರೋ, ನಾ ಕತ್ತರಸ್ಲೋ?

ಬೆನ್ನ ಹಿಂದೆ ಸೀರೆ ಸರಸರ ಅಂದಿತು, ಬಾಳವ್ವ ಸೆರಗು ಸುತ್ತಿಕೊಳ್ಳುತ್ತಿದ್ದಾಳೆ, ಬಿಗಿಯಾಗಿ, ಆಮೇಲೆ ಇಳಿದು, ಸೀರೆ ಎತ್ತಿ, ಎರಡೂ ಕಡೆ ಕಾಲು ಹಾಕಿ ಕೂತಳು, ನಡಿಯವ್ವಾ — ಸಿಗ್ನಲ್ ಮತ್ತೆ ಹಸಿರು, ಇನ್ನು ಹೊರಡಬಹುದು, ಸುನಂದಾಳ ಕೈ ಚಾವಿಯ ಮೇಲಿದೆ, ತಿರುಗುತ್ತಿಲ್ಲ, ಕಣ್ಣ ಮುಂದೆ ಅವತ್ತಿನ ಆ ಚಕ್ರ ಮಾತ್ರ ಹಿಂದಕ್ಕೆ ತಿರುಗುತ್ತಿದೆ, ಮೆಲ್ಲಗೆ, ಕೆಂಪು ಹೊರಗೆ ಬರುತ್ತಿದೆ, ಗೇಣು ಗೇಣಾಗಿ, ಇಡೀ ಸೆರಗು, ಒಂದೂ ಎಳೆ ಹರಿದಿಲ್ಲ.