ಅರಿಶಿನ ಹಚ್ಚಿದ ಆಹ್ವಾನ ಪತ್ರಿಕೆ

ಅಮೆರಿಕದ ಸ್ನೊಕ್ವಾಲ್ಮಿ ಊರಿನ ಆ ಮನೆಯಲ್ಲಿ ದೇವರಿಗೆ ಸಿಕ್ಕಿದ್ದು ಅಡುಗೆಮನೆಯ ಒಂದು ಕಪಾಟು. ಆ ದೇಶದ ಅಧ್ಯಕ್ಷರುಗಳಿಗೆ ಮಾತ್ರ ಇಡೀ ಒಂದು ಕೋಣೆ. ಅವರ ಪ್ರಮಾಣವಚನದ ದಿನ ಹಂಚಿದ ಪದಕ, ಬಿಲ್ಲೆ, ಊಟದ ತಟ್ಟೆ ಎಲ್ಲವನ್ನೂ ದ್ವಾರಕಾನಾಥ ಗಾಜಿನೊಳಗೆ ಜೋಡಿಸಿಟ್ಟಿದ್ದ. ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅತ್ತೆ ಸುಮಿತ್ರಮ್ಮನಿಗೆ ಹಾಲ್‌ನ ಸೋಫಾವೇ ಗತಿಯಾಯಿತು. ಆಕೆ ಬಂದ ದಿನದಿಂದ ಅಳಿಯನ ಮುಖ ಗಂಟಿಕ್ಕಿಕೊಂಡೇ ಇತ್ತು.

ಶನಿವಾರ ಹತ್ತಿರದ ಕರ್ಕ್‌ಲ್ಯಾಂಡ್ ಊರಿನಿಂದ ವಾರನ್ ಬರುವವನಿದ್ದ. ಸಂಗ್ರಾಹಕರ ಸಂಘದ ಹಿರಿಯ; ಈ ವರ್ಷದ ಪ್ರದರ್ಶನದಲ್ಲಿ ಯಾರಿಗೆ ಜಾಗ ಎಂದು ತೀರ್ಮಾನಿಸುವವನು ಅವನೇ. ಆ ಜಾಗಕ್ಕಾಗಿ ದ್ವಾರಕಾನಾಥ ವರ್ಷಗಳಿಂದ ಬಾಯಿ ಬಿಟ್ಟುಕೊಂಡು ಕಾದಿದ್ದ. ಅವನ ದೊಡ್ಡ ಆಸ್ತಿಯೆಂದರೆ ಅಧ್ಯಕ್ಷರೊಬ್ಬರ ಪ್ರಮಾಣವಚನದ, ನೂರು ವರ್ಷ ದಾಟಿದ ಒಂದು ಆಹ್ವಾನ ಪತ್ರಿಕೆ. ಶುಕ್ರವಾರ ಅದನ್ನು ಡೈನಿಂಗ್ ಟೇಬಲ್ ಮೇಲೆ ತೆಗೆದಿಟ್ಟು, ಆಫೀಸಿನ ಕಾಲ್‌ಗೆಂದು ಎದ್ದುಹೋದ. ವಾಪಸ್ ಬರುವಷ್ಟರಲ್ಲಿ ಅದು ದೇವರ ಮುಂದಿತ್ತು, ನಾಲ್ಕೂ ಮೂಲೆಗೆ ಒದ್ದೆ ಅರಿಶಿನ ಮೆತ್ತಿಕೊಂಡು.

“ಶುಭದ ಪತ್ರಿಕೆ ಅಲ್ವಾ ಅಳಿಯಂದ್ರೇ, ಅರಿಶಿನ ಇಲ್ದೆ ಯಾರ ಕೈಗೂ ಕೊಡಬಾರದು,” ಎಂದರು ಸುಮಿತ್ರಮ್ಮ. ಅಳಿಯನ ಕೆಲಸ ಆಗಲಿ ಎಂದೇ ಹಚ್ಚಿದ್ದರು, ಪಾಪ.

“ನಿಮಗೆ ತಲೇಲಿ ಏನಾದ್ರೂ ಇದೆಯಾ?” ಎಂದವನು ಹೆಂಡತಿಯ ಕಡೆ ತಿರುಗಿದ. “ಜಾಹ್ನವಿ, ನಿಮ್ಮಮ್ಮಂಗೆ ಟಿಕೆಟ್ ಬುಕ್ ಮಾಡು. ಬಾಣಂತನಕ್ಕೆ ಬೇರೆ ಯಾರನ್ನಾದ್ರೂ ಇಟ್ಕೊಳ್ಳೋಣ. ನಾಳೆ ವಾರನ್ ಹೋಗೋವರೆಗೂ ಇವರು ಬೆಡ್‌ರೂಮಿಂದ ಆಚೆ ಬರೋ ಹಾಗಿಲ್ಲ.”

ಜಾಹ್ನವಿ ತುಟಿ ಪಿಟಕ್ಕೆನ್ನಲಿಲ್ಲ. ಒಪ್ಪಿದಳು ಎಂದುಕೊಂಡ. ಹೆಂಡತಿ ಸುಮ್ಮನಿದ್ದರೆ ಒಪ್ಪಿದಳು ಎಂದುಕೊಳ್ಳುವ ಗಂಡಸರಿಗೆ ಈ ಊರಿನಲ್ಲೂ ಬರವಿಲ್ಲ.

ಮರುದಿನ ಅಧ್ಯಕ್ಷರ ಕೋಣೆಯಲ್ಲಿ ವಾರನ್ ಬಿಳಿ ಕೈಗವಸು ತೊಟ್ಟು ಪತ್ರಿಕೆ ಎತ್ತಿಕೊಂಡ. ಇದೇನು ಹಳದಿ ಎಂದು ಕೇಳಿದ. ಉತ್ತರವನ್ನು ದ್ವಾರಕಾನಾಥ ಆಗಲೇ ತಾಲೀಮು ಮಾಡಿಟ್ಟುಕೊಂಡಿದ್ದ. ಆ ಸಮಾರಂಭಕ್ಕೆ ಭಾರತದ ಸಂಸ್ಥಾನವೊಂದರ ದಿವಾನರು ಹೋಗಿದ್ದರಂತೆ, ಅವರ ಮನೆಯವರು ಶುಭವಾಗಲೆಂದು ಅರಿಶಿನ ಹಚ್ಚಿದ್ದರಂತೆ, ಇಂಥದ್ದು ಇನ್ನೊಂದಿಲ್ಲವಂತೆ. ಒಂದಕ್ಷರವೂ ತಡವರಿಸದೆ ಕಥೆ ಬಿಟ್ಟ. ವಾರನ್ ಕಣ್ಣರಳಿಸಿ, ಇದನ್ನು ಪ್ರದರ್ಶನದ ಬಾಗಿಲ ಎದುರಿಗೇ ಇಡೋಣ ಎಂದ. ದ್ವಾರಕಾನಾಥನ ಕಾಲು ನೆಲದ ಮೇಲಿರಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಜಾಹ್ನವಿ ಎದುರಿನ ಬೆಡ್‌ರೂಮಿಗೆ ಹೋದಳು. “ಅಮ್ಮಾ, ಆಚೆ ಬಾ.” ತಾಯಿಯನ್ನು ಕೈಹಿಡಿದು ಕರೆತಂದು ವಾರನ್ ಮುಂದೆ ನಿಲ್ಲಿಸಿ, ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: ಇವರು ನನ್ನ ತಾಯಿ. ಆ ಅರಿಶಿನ ಹಚ್ಚಿದ್ದು ಇವರೇ, ನಿನ್ನೆ.

“ಏನ್ ಮಾಡ್ತಿದೀಯ ನೀನು?” ದ್ವಾರಕಾನಾಥ ಹಲ್ಲು ಕಚ್ಚಿಕೊಂಡು ಕೇಳಿದ.

“ನಿಮ್ಮ ಗೆಸ್ಟ್‌ಗೆ ನಮ್ಮಮ್ಮನ್ನ ಇಂಟ್ರೊಡ್ಯೂಸ್ ಮಾಡ್ತಿದೀನಿ.”

ವಾರನ್ ಸುಮಿತ್ರಮ್ಮನಿಗೆ ತಲೆಬಾಗಿದ. ಕಲೆ ದೊಡ್ಡ ವಿಷಯವಲ್ಲ, ಹಳೆಯ ಕಾಗದಕ್ಕೆ ಇಂಥದ್ದೆಲ್ಲ ಆಗುತ್ತದೆ ಎಂದ. ಆಮೇಲೆ ಕೈಗವಸು ಬಿಚ್ಚುತ್ತ ಗಾಜಿನೊಳಗಿನ ಪದಕ, ಬಿಲ್ಲೆ, ತಟ್ಟೆಗಳ ಮೇಲೆಲ್ಲ ಕಣ್ಣಾಡಿಸಿ, ಸಂಘಕ್ಕೆ ಇವುಗಳ ಕಥೆಗಳನ್ನೂ ಹೇಳಿದ್ದು ನೀವೇ ಅಲ್ಲವೇ ಎಂದು ದ್ವಾರಕಾನಾಥನನ್ನು ಕೇಳಿದ.