ಉದ್ದ ಪೈಪಿನ ಆ ತುದಿ

ನಮ್ಮ ಹಳೇ ಇಂಜಿನ್ ಪಂಪು ಕೈಕೊಟ್ಟಿದ್ದು ಏಪ್ರಿಲ್‌ನಲ್ಲಿ. ತುಲ್ಸಾ ಊರಿನ ಸುತ್ತಮುತ್ತಲಿನವರಿಗೆಲ್ಲ ತಮ್ಮ ಹಲಗೆ ಬೇಲಿ ಬೂದುಬಣ್ಣಕ್ಕೆ ತಿರುಗಿದೆ ಎಂದು ಒಟ್ಟಿಗೇ ನೆನಪಾಗುವ ತಿಂಗಳು ಅದು. ಕೈಕೊಡುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ ಎಂದು ಅದನ್ನು ಚೆನ್ನಾಗಿ ಬೈದೆ.

ಬೇಲಿಗೆ ಎಣ್ಣೆಬಣ್ಣ ಹೊಡೆಯುವುದು ನನ್ನ ಮತ್ತು ನನ್ನ ಗಂಡ ಡೆಲ್ಮರ್‌ನ ಕಸುಬು. ಮೊದಲು ಬಣ್ಣ ಚಿಮ್ಮುವ ಗನ್ನು ಹಿಡಿಯುತ್ತಿದ್ದವನು ಅವನು, ಪಿಕಪ್ಪಿಗೆ ಕಟ್ಟಿದ ಟ್ರೈಲರ್ ಹತ್ತಿರ ನಿಂತು ಪಂಪು ಕಾಯುತ್ತಿದ್ದವಳು ನಾನು. ಹೋದ ವರ್ಷ ಅವನ ಬೆರಳಿಗೆ ಗನ್ನು ಒತ್ತಲು ಆಗದಂತಾಯಿತು. ನರದ ಕಾಯಿಲೆ, ಬೆರಳಿನಿಂದ ಮೇಲಕ್ಕೆ ಹತ್ತುತ್ತದೆ, ಇಳಿಯುವುದಿಲ್ಲ ಎಂದರು ಡಾಕ್ಟರು. ಹಾಗಾಗಿ ನಾವು ಜಾಗ ಬದಲಾಯಿಸಿಕೊಂಡೆವು. ಬಣ್ಣ ಕಲಕುವುದು, ಪಂಪು ಹಾಕುವುದು, ಆರಿಸುವುದು ಅವನ ಪಾಲಿಗೆ ಉಳಿದ ಕೆಲಸ. ಅದೊಂದಿದೆ ಅಂತಲೇ ಬೆಳಿಗ್ಗೆ ಎದ್ದು ಬೂಟು ಹಾಕಿಕೊಳ್ಳುತ್ತಿದ್ದ.

ನಾನು ಮನೆಯ ಹಿಂದೆ, ಅವನು ಮುಂದಿನ ರಸ್ತೆಯಲ್ಲಿ, ನಡುವೆ ಉದ್ದಕ್ಕೂ ಪೈಪು. ಆ ಇಂಜಿನ್ನಿನ ಗದ್ದಲದಲ್ಲಿ ಎಷ್ಟು ಗಂಟಲು ಹರಿದುಕೊಂಡರೂ ಕೇಳುತ್ತಿರಲಿಲ್ಲ. ಅದಕ್ಕೇ ಪೈಪು ಜಗ್ಗುತ್ತಿದ್ದೆವು. ಒಂದು ಸಲ ಜಗ್ಗಿದರೆ ನಿಲ್ಲಿಸು, ಎರಡು ಸಲಕ್ಕೆ ಪಂಪು ಹಾಕು. ಮೂರು ಸಲ ಜಗ್ಗುವುದು ಮಾತ್ರ ಡೆಲ್ಮರ್‌ನ ಸ್ವಂತ ಸೃಷ್ಟಿ. ಅದರ ಅರ್ಥ, ಇದ್ದೀಯಾ? ಕೆಲಸದ ನಡುವೆ ಸುಮ್ಮಸುಮ್ಮನೆ ಜಗ್ಗುತ್ತಿದ್ದ. ಬಣ್ಣ ಅಡ್ಡಾದಿಡ್ಡಿಯಾಗಿ ಹಾರಿದಾಗ ನಾನು ಶಾಪ ಹಾಕುತ್ತಲೇ ಮೂರು ಸಲ ತಿರುಗಿ ಜಗ್ಗುತ್ತಿದ್ದೆ. ಇದ್ದೀನಿ, ಇನ್ನೆಲ್ಲಿಗೆ ಹೋಗಲಿ.

ಹೊಸ ಪಂಪಿಗೆಂದು ಹಾಯ್ಟ್‌ನ ಅಂಗಡಿಗೆ ಹೋದೆವು. ಈಗ ಯಾರೂ ಇಂಜಿನ್ ಕೊಳ್ಳುವುದಿಲ್ಲ, ಎಲ್ಲ ಬ್ಯಾಟರಿಯವೇ ಎಂದು ಅವನು ಎರಡನ್ನು ತಂದು ಮೇಜಿನ ಮೇಲಿಟ್ಟ.

"ಈ ಚಿಕ್ಕದಕ್ಕೆ ಸ್ವಿಚ್ಚು ಕೈಯಲ್ಲೇ ಹಾಕಿ ಆರಿಸ್ಬೇಕು. ದೊಡ್ಡದು ಹಾಗಲ್ಲ. ನೀನು ಆ ಕಡೆ ಗನ್ನು ಒತ್ತಿದ್ರೆ ತಾನೇ ಓಡತ್ತೆ, ಬಿಟ್ರೆ ತಾನೇ ನಿಲ್ಲತ್ತೆ. ಪಂಪಿನ ಹತ್ರ ಜನಾನೇ ಬೇಡ," ಎಂದವನು ಡೆಲ್ಮರ್‌ನ ಕೈ ನೋಡಿ, ಒರೆಸಿದ ಮೇಜನ್ನೇ ಮತ್ತೆ ಒರೆಸತೊಡಗಿದ.

"ಚಿಕ್ಕದೇ ಸಾಕು," ಎಂದೆ. "ಹಗುರ ಇದೆ."

"ಹೊಡೆಯೋದು ಎಣ್ಣೆ ಕಣೇ, ನೀರಲ್ಲ," ಎಂದ ಡೆಲ್ಮರ್. "ಅಷ್ಟುದ್ದ ಪೈಪಲ್ಲಿ ಹೋಗತ್ತಾ ನೋಡೋಣ."

ಅಂಗಡಿಯ ಹಿಂದೆ ಹಾಯ್ಟ್ ಪೈಪು ಬಿಚ್ಚಿ ಹಾಸಿದ. ನಾನು ಆ ತುದಿಗೆ ಹೋಗಿ ಹಳೇ ಹಲಗೆಯೊಂದಕ್ಕೆ ಗನ್ನು ಹಿಡಿದೆ. ಬಣ್ಣ ಬೀಸಣಿಗೆಯಂತೆ ಅಗಲವಾಗಿ ಹರಡಬೇಕು. ಚಿಕ್ಕ ಪಂಪಿನದು ಗನ್ನಿನ ಬಾಯಿಗೆ ಬರುವಷ್ಟರಲ್ಲಿ ಸುಸ್ತಾಗಿ ತೊಟ್ಟಿಕ್ಕಿತು.

"ಚೆನ್ನಾಗೇ ಬರ್ತಿದೆ," ಎಂದು ಕೂಗಿದೆ.

ಡೆಲ್ಮರ್ ನಿಧಾನಕ್ಕೆ ನಡೆದುಬಂದು ನೋಡಿದ. "ಮುದುಕ ಉಚ್ಚೆ ಹೊಯ್ದ ಹಾಗೆ ಬರ್ತಿದೆ ಕಣೇ, ವರ್ನಾ."

"ಬಿಸಿಲೇರಿದ್ರೆ ಎಣ್ಣೆ ತೆಳ್ಳಗಾಗತ್ತೆ. ಆಗ ಸರಿಹೋಗತ್ತೆ."

"ಇಷ್ಟು ವರ್ಷ ನನ್ನ ಜೊತೆ ಇದ್ದೂ ಸುಳ್ಳು ಹೇಳೋದು ಕಲೀಲೇ ಇಲ್ಲ ನೀನು."

ದೊಡ್ಡದನ್ನು ಜೋಡಿಸಿದರು. ಒತ್ತಿದ ಕೂಡಲೇ ಬಣ್ಣ ಹಲಗೆಯ ಅಗಲಕ್ಕೂ ಹರಡಿತು. ಡೆಲ್ಮರ್ ಹಾಯ್ಟ್‌ನ ಕಡೆ ತಿರುಗಿ, "ಇದನ್ನೇ ಕೊಡು. ಜೊತೆಗೆ ಇನ್ನೊಂದು ಬ್ಯಾಟರಿನೂ ಇಡು," ಎಂದ.

ಪಿಕಪ್ ಹತ್ತಿದ ಕೂಡಲೇ ಜಗಳಕ್ಕೆ ನಿಂತೆ. "ಯಾರನ್ನ ಕೇಳಿ ತಗೊಂಡೆ? ಇನ್ಮೇಲೆ ನೀನೇನ್ ಮಾಡ್ತೀಯ?"

"ಕಾಲು ಚಾಚ್ಕೊಂಡು ಐಸ್ ಟೀ ಕುಡೀತೀನಿ."

"ತಮಾಷೆ ಬೇಡ ಡೆಲ್ಮರ್."

ಅವನು ಕಿಟಕಿಯ ಕಡೆ ತಿರುಗಿದ. "ಬರೋ ಬೇಸಿಗೆಗೆ ನೀನೊಬ್ಳೇ ಇರ್ತೀಯ ಕಣೇ," ಎಂದ. "ಒಬ್ಳೇ ಹೊಡೆಯೋಕಾಗೋ ಪಂಪು ಬೇಕು ನಿಂಗೆ. ಅದನ್ನ ನಾನೇ ನೋಡಿ ತಗೊಟ್ರೆ ನಂಗೊಂದು ಸಮಾಧಾನ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎದೆ ಒಡೆದುಹೋಗುತ್ತಿದ್ದಾಗಲೂ ನನಗೆ ಮೊದಲು ಬರುವುದು ಸಿಟ್ಟೇ. ಮನೆ ಬರುವವರೆಗೂ ಅಳುತ್ತಲೇ ಗಾಡಿ ಓಡಿಸಿದೆ, ಅವನು ನೋಡಿಯೂ ನೋಡದವನಂತಿದ್ದ.

ಹೊಸ ಪಂಪಿನ ಮೊದಲ ಕೆಲಸ ಒಂದು ಮೂಲೆಮನೆಯ ಬೇಲಿ. ಮನೆಯಲ್ಲಿರು ಎಂದರೂ ಕೇಳದೆ ಡೆಲ್ಮರ್ ಹೊರಟ. ಬೂಟಿನ ಲೇಸು ನಾನು ಕಟ್ಟಿದೆ. ಟ್ರೈಲರ್‌ನ ನೆರಳಲ್ಲಿ ಮಡಚುವ ಕುರ್ಚಿ ಹಾಕಿ ಕೂರಿಸಿ, ಪೈಪನ್ನು ಅವನ ತೊಡೆಯ ಮೇಲೆ ಹಾಯಿಸಿ ಹಿಂದಕ್ಕೆ ಹೋದೆ. ಪಂಪು ಫ್ರಿಜ್ಜಿಗಿಂತ ಹೆಚ್ಚು ಸದ್ದು ಮಾಡಲಿಲ್ಲ. ಒತ್ತಿದರೆ ಓಡಿತು, ಬಿಟ್ಟರೆ ನಿಂತಿತು. ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ಹೋಗಿ ಒದೆಯಬೇಕು ಅನಿಸಿತು.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟು. ಹಲಗೆಯನ್ನು ಅರ್ಧಕ್ಕೆ ಬಿಟ್ಟು ಹೋಗಬಾರದು. ಅಂಚು ಒಣಗಿಬಿಟ್ಟರೆ ಮತ್ತೆ ಹೊಡೆದಾಗ ಅಲ್ಲಿ ಕಪ್ಪು ಗೆರೆ ಕೂರುತ್ತದೆ, ಏನು ಮಾಡಿದರೂ ಹೋಗುವುದಿಲ್ಲ. ಹಲಗೆ ಮುಗಿಸಿ ಸಾಯಿ ಎಂದು ನನಗೆ ಕಲಿಸಿದವನೇ ಡೆಲ್ಮರ್.

ಬೇಲಿಯ ಮೂಲೆಗೆ ಬಂದರೂ ಮೂರು ಜಗ್ಗು ಬರಲಿಲ್ಲ. ಮುನಿಸಿಕೊಂಡಿದ್ದಾನೆ ಅಂದುಕೊಂಡು, ನನ್ನ ಜನ್ಮದಲ್ಲಿ ಮೊದಲ ಸಲ ನಾನೇ ಮೊದಲು ಮೂರು ಸಲ ಜಗ್ಗಿದೆ. ಪೈಪು ಅಲುಗಲಿಲ್ಲ. ಮತ್ತೆ ಜಗ್ಗಿ ಕಾದೆ. ಹುಲ್ಲಿನ ಮೇಲೆ ಸುಮ್ಮನೆ ಬಿದ್ದಿತ್ತು. ಅರ್ಧ ಹೊಡೆದ ಹಲಗೆಯನ್ನು ಹಾಗೇ ಬಿಟ್ಟು, ಗನ್ನು ಎಸೆದು ಓಡಿದೆ.

ಅವನು ಕುರ್ಚಿಯಲ್ಲೇ ಇದ್ದ. ಪೈಪನ್ನು ಎರಡೂ ಮುಂಗೈಗೆ ಸುತ್ತಿಕೊಂಡು, ಮೈಯೆಲ್ಲ ಹಿಂದಕ್ಕೆ ಹಾಕಿ ಎಳೆಯುತ್ತಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು.

"ನಿಂದು ಬಂತು," ಎಂದ. ಕಾಯಿಲೆಗೆ ಅವನ ದನಿಯೂ ಅಷ್ಟರಲ್ಲಿ ಇಳಿದುಹೋಗಿತ್ತು. "ನಾನೂ ಆಗ್ಲಿಂದ ಜಗ್ತಾನೇ ಇದ್ದೀನಿ. ಬಂತಾ?"

ಅವನ ಕಾಲ ಬಳಿ ಪೈಪಿನ ಒಂದು ಸುತ್ತು ಸಡಿಲವಾಗಿ ಬಿದ್ದಿತ್ತು. ಅವನ ಬಲ ಅದನ್ನೂ ದಾಟಿರಲಿಲ್ಲ.

"ಬಂತು," ಎಂದೆ. "ಬಂದಿದ್ದಕ್ಕೇ ಓಡಿ ಬಂದೆ."

ಸುಳ್ಳು ಹೇಳಲು ಬರದ ನನ್ನನ್ನು ಅವತ್ತು ನಂಬಿದ. ಕುರ್ಚಿಗೆ ಒರಗಿ, "ಸರಿ ಹೋಗು ಮತ್ತೆ. ಹಲಗೆ ಅರ್ಧಕ್ಕೆ ಬಿಟ್ಟು ಬಂದಿಲ್ಲ ತಾನೇ?" ಎಂದ.

"ಇಲ್ಲ," ಎಂದೆ.

ಡೆಲ್ಮರ್ ಹೋದ ಮೇಲೆ ಆ ಮನೆಯವರು ಫೋನ್ ಮಾಡಿದ್ದರು, ಮೂಲೆಯ ಹಲಗೆಯಲ್ಲಿ ಕಪ್ಪು ಗೆರೆ ಇದೆ, ಬಂದು ಸರಿಮಾಡಿ ಎಂದು. ಹಲಗೆಯನ್ನೇ ಬದಲಾಯಿಸೋಣವೆಂದು ಹೊಸದೊಂದನ್ನು ಟ್ರೈಲರ್‌ಗೆ ಹಾಕಿಕೊಂಡು ಒಬ್ಬಳೇ ಹೋದೆ. ಗೆರೆಯ ಮುಂದೆ ತುಂಬಾ ಹೊತ್ತು ನಿಂತಿದ್ದು, ಇದು ಹೋಗುವುದಿಲ್ಲ ಎಂದು ಅವರಿಗೆ ಹೇಳಿ, ಹೊಸ ಹಲಗೆಯನ್ನು ಹಾಗೇ ವಾಪಸ್ ತಂದೆ.