ತಂತಿ ಕತ್ತರಿಸಿದವನು

ಅಣ್ಣ ಟರ್ನರ್, ತಂಗಿ ಅದೇ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮೇಲೆ ನಕ್ಷೆ ಬಿಡಿಸುವವಳು. ಇಪ್ಪತ್ತೆರಡು ವರ್ಷ ಕೈಯಿಂದಲೇ ಲೋಹ ಕಡೆಯುವ ಲೇತ್ ನಡೆಸಿದ್ದ ಅಣ್ಣ ಈಗ ತಂಗಿ ಬರೆದ ಪ್ರೋಗ್ರಾಮಿನಂತೆ ತಾನಾಗಿಯೇ ಕಡೆಯುವ ಹೊಸ ಯಂತ್ರದ ಮುಂದೆ ನಿಲ್ಲುತ್ತಿದ್ದ. “ಮನೇಲೂ ಇವಳು ಹೇಳಿದ್ದೇ ಆಗ್ಬೇಕು, ಇಲ್ಲೂ ಇವಳು ಹೇಳಿದ್ದೇ ಆಗ್ಬೇಕು,” ಎಂದು ಸಿಕ್ಕಸಿಕ್ಕವರ ಮುಂದೆ ಗೊಣಗುತ್ತಿದ್ದ. ಆ ಗೊಣಗಾಟದಲ್ಲಿ ಹೆಮ್ಮೆಯೇ ಹೆಚ್ಚಿತ್ತು.

ಆ ಮಧ್ಯಾಹ್ನ ಗಾಜಿನ ಕೋಣೆಯಲ್ಲಿ ಕುಳಿತು ಅವಳು ಬೇರೊಂದು ನಕ್ಷೆಯ ಅಳತೆ ತಿದ್ದುತ್ತಿದ್ದಾಗ ಯಂತ್ರದ ಸದ್ದು ಬದಲಾಯಿತು. ಹಿಂದೆಯೇ ಅಣ್ಣನ ಚೀರಾಟ.

ಓಡಿಬಂದಳು. ಯಂತ್ರದ ಬಾಗಿಲು ತೆರೆದೇ ಇತ್ತು, ಒಳಗೆ ಲೋಹದ ತುಂಡನ್ನು ಕಚ್ಚಿಹಿಡಿದ ಚಕ್ ತಿರುಗುತ್ತಲೇ ಇತ್ತು. ಸಿಕ್ಕಿಕೊಂಡ ಲೋಹದ ಸುರುಳಿ ಎಳೆಯಲು ಕೈ ಹಾಕಿದ್ದ ಅಣ್ಣನ ತೋಳನ್ನು ಅದು ಅಂಗಿಯ ಸಮೇತ ಸುತ್ತಿಕೊಂಡಿತ್ತು. ಮೂಳೆ ಮುರಿದದ್ದು ಅಷ್ಟು ಗದ್ದಲದಲ್ಲೂ ಕೇಳಿಸಿತು. ಅವಳು ಕೆಂಪು ಗುಂಡಿಗೆ ಗುದ್ದಿದಳು. ಯಂತ್ರ ನಿಂತಾಗ ಮೊಣಕೈಯಿಂದ ಕೆಳಗೆ ಕೈ ಎನ್ನುವಂಥದ್ದು ಉಳಿದಿರಲಿಲ್ಲ.

ತನ್ನ ಬೆಲ್ಟ್ ಬಿಚ್ಚಿ ಅವನ ತೋಳಿಗೆ ಬಿಗಿದಳು. ನಾಲ್ವರು ಅವನನ್ನು ಎತ್ತಿಕೊಂಡು ಹೊರಗೋಡಿದರು. ಹಿಂದೆಯೇ ಹೋಗಲು ಎದ್ದವಳಿಗೆ ಸೂಪರ್‌ವೈಸರ್ ಕಂಡ. ಇಕ್ಕಳ ಹಿಡಿದು, ಬಾಗಿಲ ಸ್ವಿಚ್ಚಿಗೆ ಯಾರೋ ಸುತ್ತಿದ್ದ ತಂತಿಯನ್ನು ಕತ್ತರಿಸುತ್ತಿದ್ದ. ಬಾಗಿಲು ತೆರೆದರೆ ಯಂತ್ರ ನಿಲ್ಲಬೇಕು. ನಿಲ್ಲದಂತೆ ಮಾಡಿದ್ದು ಆ ತಂತಿ.

“ಏನ್ ಮಾಡ್ತಿದೀರಾ?”

“ಸುಮ್ನಿರಮ್ಮ. ಇದು ಯಾರ ಕಣ್ಣಿಗೂ ಬೀಳಬಾರದು.”

ಬೆಂಚಿನ ಮೇಲಿದ್ದ ದೊಡ್ಡ ಸ್ಪ್ಯಾನರ್ ಎತ್ತಿ ಬೀಸಿದಳು. ದವಡೆ ಲಟಕ್ಕೆಂದಿತು. ಅವನು ಕುಸಿದ. “ತಾಯಿ, ಕೇಳು...” ಎಂದು ತೆರೆದ ಬಾಯಿಗೇ ಇನ್ನೊಂದು ಬಿತ್ತು, ಹಲ್ಲುಗಳು ನೆಲಕ್ಕುದುರಿದವು. ಮತ್ತೊಂದು, ಕಣ್ಣಿಗೆ. ತಡೆಯಲು ಬಂದ ವೆಲ್ಡರನ ಮೂಗನ್ನೂ ಒಡೆದಳು. ಕೊನೆಗೆ ಮೂವರು ಸೇರಿ ಅವಳನ್ನು ನೆಲಕ್ಕೆ ಒತ್ತಿಹಿಡಿದರು.

ಜಾಮೀನು ಸಿಕ್ಕ ದಿನವೇ ಆಸ್ಪತ್ರೆಗೆ ಹೋದಳು. ಡಾಕ್ಟರು ಕತ್ತರಿಸಿದ್ದ ಅಣ್ಣನ ಬಲತೋಳು ಭುಜದ ಹತ್ತಿರಕ್ಕೇ ಮುಗಿದಿತ್ತು.

“ಅವನಿಗ್ಯಾಕೆ ಹೊಡೆದೆ?”

“ತಂತಿ ಕಟ್ಟಿಸಿದ ಪಾಪಿ ಅಲ್ವಾ ಅವನು?”

“ಕಟ್ಟಿದ್ದು ನಾನು ಕಣೇ.” ಅಣ್ಣ ಕಣ್ಣು ಮುಚ್ಚಿಕೊಂಡ. “ಸುರುಳಿ ಎಳೆಯೋಕೆ ಬಾಗಿಲು ತೆಗೆದಾಗೆಲ್ಲ ಯಂತ್ರ ನಿಲ್ತಿತ್ತು, ಕೆಲಸ ಸಾಗ್ತಿರಲಿಲ್ಲ. ನಿನ್ನ ಪ್ರೋಗ್ರಾಮೇ ಸರಿಯಿಲ್ಲ ಅಂತ ಎಲ್ರೂ ಆಡ್ಕೊಳ್ತಿದ್ರು. ನಂಗೆ ತಡ್ಕೊಳ್ಳಕ್ಕಾಗ್ಲಿಲ್ಲ. ಅವನು ಎರಡು ಸಲ ಬೈದು ಬಿಚ್ಚಿಸಿದ್ದ. ತಪ್ಪು ನನ್ನ ತಲೆಗೆ ಬರಬಾರದು ಅಂತ ಕತ್ತರಿಸೋಕೆ ಹೋಗಿರ್ತಾನೆ.”

ಸೂಪರ್‌ವೈಸರ್ ಇದ್ದದ್ದು ಮೇಲಿನ ಮಹಡಿಯಲ್ಲಿ. ಮುಖದ ತುಂಬ ಪಟ್ಟಿ, ಒಂದು ಕಣ್ಣು ಹೋಗಿತ್ತು. ಪಕ್ಕದಲ್ಲಿ ಹೆಂಡತಿ ಕುಳಿತಿದ್ದಳು.

“ಹೊಡೆದವಳು ನಾನೇ, ಅಕ್ಕ.”

ಆ ಹೆಂಗಸು ಎದ್ದು ಬಂದು ಕೆನ್ನೆಗೆ ಬಾರಿಸಿದಳು. ಕೂದಲು ಹಿಡಿದು ತಲೆಯನ್ನು ಗೋಡೆಗೆ ಜಜ್ಜಿದಳು. ತಂಗಿ ಕೈ ಅಡ್ಡ ಹಿಡಿಯಲಿಲ್ಲ. ನರ್ಸುಗಳು ಬಿಡಿಸುವವರೆಗೂ ಹಾಸಿಗೆಯಲ್ಲಿದ್ದವನು ಉಳಿದ ಒಂದೇ ಕಣ್ಣಿನಿಂದ ನೋಡುತ್ತ ಮಲಗಿದ್ದ.

ನ್ಯಾಯಾಲಯದಲ್ಲಿ ಅವಳು ಒಂದನ್ನೂ ಮುಚ್ಚಿಡಲಿಲ್ಲ. ಮೂರು ವರ್ಷ ಶಿಕ್ಷೆಯಾಯಿತು. ಅಣ್ಣ ತಿಂಗಳಿಗೊಮ್ಮೆ ಜೈಲಿಗೆ ಬರುತ್ತಿದ್ದ. “ಊಟ ಆಯ್ತಾ?” ಎನ್ನುತ್ತಿದ್ದ. “ಆಯ್ತು,” ಎನ್ನುತ್ತಿದ್ದಳು. ಹೊತ್ತು ಮುಗಿಯುವವರೆಗೂ ಇಬ್ಬರೂ ಸರಳುಗಳ ಆಚೀಚೆ ಕುಳಿತಿರುತ್ತಿದ್ದರು.